ಮೀಥೇನ್‌ನಿಂದ ಪ್ಲಾಸ್ಮಾ ಬಳಸಿ ಹೈಡ್ರೋಜನ್: ಮಲೆನಾಡಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಗೋಬರ್ ಗ್ಯಾಸ್ ಇಟ್ಟುಕೊಂಡ ಮನೆಯವರು ಕೇಳುವ ಪ್ರಶ್ನೆಗಳು ಇಲ್ಲಿವೆ. ಶಿವಮೊಗ್ಗ, ಭದ್ರಾವತಿಯ ಕಾಲೇಜು ಮಕ್ಕಳು ಕೇಳುವವೂ ಇವೆ. ನಾನು ಕೆಮಿಸ್ಟ್ರಿ ಪಾಠ ಮಾಡುವವನು. ಈ ವಿಷಯ ನನಗೆ ತುಂಬಾ ಇಷ್ಟ. ಇಷ್ಟ ಅನ್ನುವ ಕಾರಣಕ್ಕೇ ಇದು ಎಲ್ಲಿ ಕೆಲಸಕ್ಕೆ ಬರುತ್ತದೆ, ಎಲ್ಲಿ ಬರುವುದಿಲ್ಲ ಅನ್ನುವುದನ್ನು ಲೆಕ್ಕ ಹಾಕಿಯೇ ಹೇಳುತ್ತೇನೆ.

ಚಿಕ್ಕದಾಗಿ ಹೇಳಿ, ಇದು ಏನು?

ಮೀಥೇನ್ ಅಂದರೆ ನಡುವೆ ಒಂದು ಕಾರ್ಬನ್ (ಇಂಗಾಲ) ಪರಮಾಣು, ಸುತ್ತ ನಾಲ್ಕು ಹೈಡ್ರೋಜನ್ ಪರಮಾಣು. ಗೋಬರ್ ಗ್ಯಾಸಿನಲ್ಲಿ ಉರಿಯುವುದು ಇದೇ. ಸಿಎನ್‌ಜಿಯಲ್ಲೂ ಬಹುಪಾಲು ಇದೇ. ಗಾಳಿ ಸೋಕದ ಹಾಗೆ ಈ ಅನಿಲವನ್ನು ವಿದ್ಯುತ್ ಕಿಡಿಯೊಳಗೆ (ಆ ಕಿಡಿಯೇ ಪ್ಲಾಸ್ಮಾ) ಹಾಯಿಸಿದರೆ ಕಾರ್ಬನ್ ಕಪ್ಪು ಪುಡಿಯಾಗಿ ಉದುರುತ್ತದೆ, ಹೈಡ್ರೋಜನ್ ಅನಿಲವಾಗಿ ಹೊರಗೆ ಬರುತ್ತದೆ. 4 ಕೆಜಿ ಮೀಥೇನ್ ಪೂರ್ತಿ ಒಡೆದರೆ 1 ಕೆಜಿ ಹೈಡ್ರೋಜನ್, 3 ಕೆಜಿ ಕಾರ್ಬನ್. ಈ 1 ಮತ್ತು 3ರ ಲೆಕ್ಕ ನೆನಪಿಟ್ಟುಕೊಳ್ಳಿ, ಮುಂದೆ ಹಲವು ಉತ್ತರಗಳಲ್ಲಿ ಬರುತ್ತದೆ.

ಪ್ಲಾಸ್ಮಾ ಅಂದರೆ ಸೂರ್ಯನಲ್ಲಿ ಇರೋದಲ್ವಾ? ನಮ್ಮ ಊರಲ್ಲಿ ಎಲ್ಲಿದೆ?

ಸೂರ್ಯನಲ್ಲಿರುವುದೂ ಅದೇ, ಮೇ ತಿಂಗಳಲ್ಲಿ ಕೊಡಚಾದ್ರಿ ಕಡೆಯಿಂದ ಹೊಡೆಯುವ ಸಿಡಿಲೂ ಅದೇ, ನಿಮ್ಮ ಜಗಲಿಯ ಹಳೇ ಟ್ಯೂಬ್‌ಲೈಟಿನಲ್ಲಿ ಬೆಳಗುವುದೂ ಅದೇ. ಅನಿಲಕ್ಕೆ ಸಾಕಷ್ಟು ವೋಲ್ಟೇಜ್ ಕೊಟ್ಟಾಗ ಅದರ ಪರಮಾಣುಗಳಿಂದ ಎಲೆಕ್ಟ್ರಾನ್‌ಗಳು ಕಳಚಿಕೊಳ್ಳುತ್ತವೆ. ಆಗ ಅನಿಲದಲ್ಲೂ ಕರೆಂಟ್ ಹರಿಯುತ್ತದೆ. ಆ ಸ್ಥಿತಿಗೆ ಪ್ಲಾಸ್ಮಾ ಎಂದು 1928ರಲ್ಲಿ ಹೆಸರಿಟ್ಟವರು ಅಮೆರಿಕದ ಇರ್ವಿಂಗ್ ಲಾಂಗ್‌ಮ್ಯೂರ್.

ಮೀಥೇನ್‌ನಲ್ಲಿ ಒಂದು ಹೈಡ್ರೋಜನ್ನನ್ನು ಕಾರ್ಬನ್ನಿನಿಂದ ಕಿತ್ತು ತೆಗೆಯಲು ಸುಮಾರು 4.5 ಎಲೆಕ್ಟ್ರಾನ್ ವೋಲ್ಟ್ (ಪರಮಾಣು ಮಟ್ಟದ ಶಕ್ತಿಯ ಅಳತೆ) ಶಕ್ತಿ ಬೇಕು. ಇದು ಗಟ್ಟಿ ಬಂಧ. ಅದನ್ನು ಮುರಿಯುವ ಕೆಲಸವನ್ನು ಕಿಡಿಯೊಳಗಿನ ವೇಗದ ಎಲೆಕ್ಟ್ರಾನ್‌ಗಳೂ ಕಿಡಿಯ ಬಿಸಿಯೂ ಸೇರಿ ಮಾಡುತ್ತವೆ.

ಬರೀ ಬೆಂಕಿಯಲ್ಲಿ ಕಾಯಿಸಿದರೆ ಆಗಲ್ವಾ?

ಆಗುತ್ತದೆ. ಗಾಳಿ ಇಲ್ಲದೆ ಕಾಯಿಸಿ ಒಡೆಯುವುದು ಹೊಸ ವಿದ್ಯೆಯೇನಲ್ಲ. ಭದ್ರಾವತಿಯ ಕಾರ್ಖಾನೆ ಶುರುವಾದಾಗ ಅಲ್ಲಿ ಕಬ್ಬಿಣದ ಕುಲುಮೆ ಜೊತೆಗೆ ಮರವನ್ನು ಹಾಗೆ ಕಾಯಿಸಿ ಇದ್ದಿಲು ತೆಗೆಯುವ ಘಟಕವೂ ಇತ್ತು.

ಮೀಥೇನ್ ಮರದಷ್ಟು ಸುಲಭವಲ್ಲ. ಬರೀ ಶಾಖದಿಂದ ಚೆನ್ನಾಗಿ ಒಡೆಯಬೇಕೆಂದರೆ 1,000 ಡಿಗ್ರಿ ಸೆಲ್ಸಿಯಸ್ ದಾಟಬೇಕು. ನಿಕ್ಕಲ್ ಅಥವಾ ಕಬ್ಬಿಣದ ವೇಗವರ್ಧಕ (ತಾನು ಖರ್ಚಾಗದೆ ಕ್ರಿಯೆಗೆ ವೇಗ ಕೊಡುವ ವಸ್ತು) ಹಾಕಿದರೆ ಕಡಿಮೆ ಬಿಸಿಯಲ್ಲೂ ಆಗುತ್ತದೆ. ಆದರೆ ಬರುವ ಕಾರ್ಬನ್ ಅದರ ಮೇಲೇ ಕೂತು ಅದನ್ನು ಮುಚ್ಚಿಬಿಡುತ್ತದೆ. ಪ್ಲಾಸ್ಮಾದಲ್ಲಿ ವೇಗವರ್ಧಕ ಬೇಕಿಲ್ಲ. ಹೊರಗಿನಿಂದ ಕೊಳವೆ ಕಾಯಿಸುವ ಬದಲು ಅನಿಲದ ಒಳಗೇ ಬಿಸಿ ಹುಟ್ಟುತ್ತದೆ. ಬಿಸಿಗಾಗಿ ಏನನ್ನೂ ಸುಡುವ ಹಾಗಿಲ್ಲ, ಹಾಗಾಗಿ ಅಲ್ಲಿ ಹೊಗೆಯೂ ಇಲ್ಲ.

ಕಿಡಿ ಹೊತ್ತಿದಾಗ ಒಳಗೆ ಹೇಗೆ ಕಾಣುತ್ತದೆ?

ಈ ಪ್ರಶ್ನೆ ಕೇಳುವ ಮಕ್ಕಳು ನನಗೆ ಬಹಳ ಇಷ್ಟ. ಬಿಸಿ ತಡೆಯುವ ಕ್ವಾರ್ಟ್ಜ್ ಗಾಜಿನ ಕೊಳವೆಯಲ್ಲಿ ಎರಡು ಎಲೆಕ್ಟ್ರೋಡ್, ಅಂದರೆ ಕರೆಂಟ್ ಕೊಡುವ ಕಡ್ಡಿಗಳು. ಮೊದಲು ಯಾವುದರ ಜೊತೆಗೂ ಸುಲಭಕ್ಕೆ ಸೇರದ ಆರ್ಗಾನ್ ಅನಿಲ ಮಾತ್ರ ಬಿಟ್ಟಾಗ ತೆಳ್ಳಗಿನ ನೇರಳೆ ಎಳೆ ಕಾಣುತ್ತದೆ, ಅಲುಗಾಡುತ್ತಾ ಇರುತ್ತದೆ. ಮೀಥೇನ್ ಸ್ವಲ್ಪ ಸ್ವಲ್ಪವೇ ಸೇರಿಸುತ್ತಾ ಹೋದರೆ ಬಣ್ಣ ಹಸಿರು ಮಿಶ್ರಿತ ಬಿಳಿಗೆ ತಿರುಗುತ್ತದೆ. ಆ ಹಸಿರು, ಎರಡೆರಡು ಕಾರ್ಬನ್ ಪರಮಾಣು ಜೋಡಿಯಾಗಿ ಬೆಳಗುವ ಬೆಳಕು. ಇನ್ನೂ ಮೀಥೇನ್ ಹೆಚ್ಚಿದರೆ ಅಂಚಿನಲ್ಲಿ ಹಳದಿ ಬರುತ್ತದೆ. ಅದು ಕಾದು ಕೆಂಡವಾದ ಮಸಿಯ ಕಣ.

ಅಷ್ಟರಲ್ಲಿ ಗಾಜು ಕಪ್ಪಾಗಲು ಶುರು. ಎಲೆಕ್ಟ್ರೋಡಿನ ತುದಿಯಲ್ಲಿ ಕೂದಲೆಳೆಯಂಥ ಕಪ್ಪು ಮಸಿ ಬೆಳೆಯುತ್ತದೆ. ಆಚೆ ಎಲೆಕ್ಟ್ರೋಡಿನ ಕಡೆಗೇ ಬೆಳೆಯುತ್ತಾ ಹೋಗುತ್ತದೆ. ಎರಡೂ ಮುಟ್ಟಿದ ಕ್ಷಣ ಕಿಡಿ ಆರಿಹೋಗುತ್ತದೆ, ಯಾಕೆಂದರೆ ಕರೆಂಟ್ ಈಗ ಆ ಮಸಿಯ ಸೇತುವೆ ಮೇಲೆ ಹರಿಯುತ್ತಿದೆ. ನಿಲ್ಲಿಸಿ, ಬಿಚ್ಚಿ, ಒರೆಸಿ, ಮತ್ತೆ ಶುರು ಮಾಡಬೇಕು. ಆ ಪುಡಿ ಎಷ್ಟು ನಯ ಅಂದರೆ ಉಸಿರು ಬಿಟ್ಟರೂ ಏಳುತ್ತದೆ, ಬರೀ ನೀರಿನಲ್ಲಿ ತೊಳೆದರೆ ಬೆರಳಿನಿಂದ ಹೋಗುವುದಿಲ್ಲ. ಮಾಸ್ಕ್, ಕೈಗವಸು ಕಡ್ಡಾಯ.

ದೊಡ್ಡ ಯಂತ್ರ ಕಟ್ಟುವವರ ತಲೆನೋವೂ ಇದೇ. ಕಿಡಿ ಹೊತ್ತಿಸುವುದು ಸುಲಭ. ಕಾರ್ಬನ್ ಎಲ್ಲೂ ಕಟ್ಟಿಕೊಳ್ಳದ ಹಾಗೆ ದಿನಗಟ್ಟಲೆ ಓಡಿಸುವುದು ಕಷ್ಟ.

ಪ್ಲಾಸ್ಮಾದಲ್ಲೂ ಬೇರೆ ಬೇರೆ ಬಗೆ ಇದೆಯಂತೆ?

ಇದೆ. ಸ್ಥೂಲವಾಗಿ ಎರಡು. ಒಂದು ಬಿಸಿ ಪ್ಲಾಸ್ಮಾ. ವೆಲ್ಡಿಂಗ್ ಆರ್ಕ್ ಈ ಜಾತಿ. ಒಳಗಿನ ಉಷ್ಣತೆ ಸಾವಿರಾರು ಡಿಗ್ರಿ. ಮೀಥೇನ್ ಪೂರ್ತಿ ಒಡೆದು ಹೈಡ್ರೋಜನ್ ಮತ್ತು ಕಾರ್ಬನ್ ಆಗುತ್ತದೆ. ಇನ್ನೊಂದು ತಣ್ಣನೆಯದು. ಎರಡು ಎಲೆಕ್ಟ್ರೋಡ್ ನಡುವೆ ಗಾಜು ಅಥವಾ ಸೆರಾಮಿಕ್ ತಡೆ ಇಟ್ಟು ಹೈ ವೋಲ್ಟೇಜ್ ಎಸಿ ಕರೆಂಟ್ ಕೊಡುವುದು. ಎಲೆಕ್ಟ್ರಾನ್ ಮಾತ್ರ ಬಿಸಿ, ಅನಿಲ ಹೆಚ್ಚು ಕಾಯುವುದಿಲ್ಲ. ಇದರಲ್ಲಿ ಹೈಡ್ರೋಜನ್ ಜೊತೆಗೆ ಈಥೇನ್‌ನಂಥ ಅನಿಲಗಳೂ ಬರುತ್ತವೆ, ಕರೆಂಟ್ ಜಾಸ್ತಿ ತಿನ್ನುತ್ತದೆ.

ನಡುವೆ ಮೈಕ್ರೋವೇವ್ ಪ್ಲಾಸ್ಮಾ, ಜಾರುವ ಆರ್ಕ್ ಅನ್ನುವ ಬಗೆಗಳಿವೆ. ಇವುಗಳಲ್ಲಿ ಅಸಿಟಿಲೀನ್ ಚೆನ್ನಾಗಿ ಬರುತ್ತದೆ, ಅದೇ ನಮ್ಮ ಗ್ಯಾಸ್ ವೆಲ್ಡಿಂಗ್ ಅನಿಲ. ಅಸಿಟಿಲೀನ್ ಬೇಕಾದರೆ ಕಿಡಿಯಿಂದ ಹೊರಬಂದ ಅನಿಲವನ್ನು ತಟ್ಟನೆ ತಣ್ಣಗೆ ಮಾಡಬೇಕು. ತಡವಾದರೆ ಅದೂ ಒಡೆದು ಮಸಿಯಾಗುತ್ತದೆ.

1 ಕೆಜಿ ಹೈಡ್ರೋಜನ್‌ಗೆ ಎಷ್ಟು ಯೂನಿಟ್ ಕರೆಂಟ್ ಬೇಕು?

ಪುಸ್ತಕದ ಲೆಕ್ಕದಲ್ಲಿ ಮೀಥೇನ್ ಒಡೆಯಲು ಬೇಕಾದ್ದು 1 ಕೆಜಿ ಹೈಡ್ರೋಜನ್‌ಗೆ ಸುಮಾರು 5.2 ಯೂನಿಟ್. ನಿಜವಾದ ಯಂತ್ರದಲ್ಲಿ ಅನಿಲ ಕಾಯಿಸಬೇಕು, ಗೋಡೆಯಿಂದ ಬಿಸಿ ಸೋರುತ್ತದೆ, ಪವರ್ ಸಪ್ಲೈ ಕೂಡ ಒಂದಷ್ಟು ತಿನ್ನುತ್ತದೆ. ಒಳ್ಳೆಯ ಬಿಸಿ ಪ್ಲಾಸ್ಮಾ ವ್ಯವಸ್ಥೆಗೆ 10ರಿಂದ 25 ಯೂನಿಟ್ ಅಂದುಕೊಳ್ಳಿ. ಕಾಲೇಜು ಲ್ಯಾಬಿನ ತಣ್ಣನೆ ಪ್ಲಾಸ್ಮಾದಲ್ಲಿ ನೂರಾರು ಯೂನಿಟ್‌ಗೂ ಹೋಗುತ್ತದೆ, ಅದಕ್ಕೆ ಬೇಜಾರು ಮಾಡಿಕೊಳ್ಳಬೇಡಿ.

ನೀರನ್ನು ಒಡೆದು ಹೈಡ್ರೋಜನ್ ತೆಗೆಯುವುದಾದರೆ ಪುಸ್ತಕದ ಲೆಕ್ಕವೇ 39 ಯೂನಿಟ್ ದಾಟುತ್ತದೆ. ಯಂತ್ರಗಳು ಸಾಮಾನ್ಯವಾಗಿ 50ರಿಂದ 55 ತೆಗೆದುಕೊಳ್ಳುತ್ತವೆ. ಪ್ಲಾಸ್ಮಾದ ಕಡೆ ಜನ ತಿರುಗಿ ನೋಡುವುದಕ್ಕೆ ಮುಖ್ಯ ಕಾರಣವೇ ಈ ವ್ಯತ್ಯಾಸ. ಆದರೆ ನೀರು ಬೂದಿಗೆ ಸಮ, ಅದರಲ್ಲಿ ಇಂಧನ ಇಲ್ಲ. ಮೀಥೇನ್ ಆಗಲೇ ಒಂದು ಇಂಧನ. ಅದರ ಶಕ್ತಿಯಲ್ಲಿ ನೂರಕ್ಕೆ ಸುಮಾರು 60 ಭಾಗ ಮಾತ್ರ ಹೈಡ್ರೋಜನ್‌ಗೆ ಹೋಗುತ್ತದೆ. ಉಳಿದದ್ದು ಕಪ್ಪು ಪುಡಿಯಲ್ಲೇ ಕೂತಿರುತ್ತದೆ.

ಹೊಗೆ ಇಲ್ಲ ಅಂದರೆ ಮಾಲಿನ್ಯವೂ ಇಲ್ಲ ಅಂತ ತಾನೇ?

ಅಷ್ಟು ಸುಲಭವಾಗಿ ಹೇಳುವ ಹಾಗಿಲ್ಲ. ಕರೆಂಟ್ ಎಲ್ಲಿಂದ ಬಂತು ಅಂತ ಮೊದಲು ಕೇಳಬೇಕು.

ಇವತ್ತು ಕಾರ್ಖಾನೆಗಳು ಬಹುಪಾಲು ಹೈಡ್ರೋಜನ್ನನ್ನು ಮೀಥೇನ್ ಮತ್ತು ಹಬೆ ಸೇರಿಸಿ ಮಾಡುತ್ತವೆ. ಅದರಲ್ಲಿ 1 ಕೆಜಿ ಹೈಡ್ರೋಜನ್‌ಗೆ 9ರಿಂದ 10 ಕೆಜಿ ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗುತ್ತದೆ. ನಮ್ಮ ದೇಶದ ಗ್ರಿಡ್ ಕರೆಂಟಿನ ಒಂದು ಯೂನಿಟ್‌ಗೆ ಸರಾಸರಿ ಸುಮಾರು 0.7 ಕೆಜಿ ಇಂಗಾಲದ ಡೈಆಕ್ಸೈಡ್. ಪ್ಲಾಸ್ಮಾಕ್ಕೆ 20 ಯೂನಿಟ್ ಹಿಡಿದರೆ 14 ಕೆಜಿ ಆಯಿತು. ಅಂದರೆ ಹಳೇ ವಿಧಾನಕ್ಕಿಂತ ಜಾಸ್ತಿ! ನೀರು ಒಡೆಯಲು 52 ಯೂನಿಟ್ ಹಿಡಿದರೆ 36 ಕೆಜಿ, ಅದಂತೂ ಇನ್ನೂ ಕೆಟ್ಟದು. ಬಿಸಿಲು, ಗಾಳಿ, ನೀರಿನ ಕರೆಂಟ್ ಇದ್ದರೆ ಮಾತ್ರ ಈ ಲೆಕ್ಕ ತಲೆಕೆಳಗಾಗುತ್ತದೆ.

ಎರಡನೆಯದು ಸೋರಿಕೆ. 100 ವರ್ಷದ ಲೆಕ್ಕದಲ್ಲಿ ಮೀಥೇನ್ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಜಾಸ್ತಿ ಬಿಸಿ ಹಿಡಿಯುತ್ತದೆ, 20 ವರ್ಷದ ಲೆಕ್ಕದಲ್ಲಿ 80 ಪಟ್ಟು ದಾಟುತ್ತದೆ. ಅನಿಲ ತೆಗೆಯುವ ಬಾವಿಯಿಂದ ಯಂತ್ರದವರೆಗಿನ ದಾರಿಯಲ್ಲಿ ನೂರಕ್ಕೆ ಎರಡೋ ಮೂರೋ ಭಾಗ ಸೋರಿದರೂ ಪಟ್ಟ ಶ್ರಮಕ್ಕೆ ಅರ್ಥ ಉಳಿಯುವುದಿಲ್ಲ.

ಶರಾವತಿ ಕರೆಂಟ್ ನಮ್ಮಲ್ಲೇ ಇದೆಯಲ್ಲ, ಅದನ್ನೇ ಬಳಸಿದರೆ?

ಈ ಮಾತು ಸಾಗರದಲ್ಲಿ ಯಾವಾಗಲೂ ಬರುತ್ತದೆ. ಬರಬೇಕಾದ್ದೇ. ಜೋಗದ ಹತ್ತಿರದ ಮಹಾತ್ಮ ಗಾಂಧಿ ವಿದ್ಯುದಾಗಾರ 1940ರ ದಶಕದ್ದು. ಲಿಂಗನಮಕ್ಕಿ ಅಣೆಕಟ್ಟು 1964ರದ್ದು, ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವ್ಯಾಟ್. ಈ ನೀರಿನ ಕರೆಂಟಿಗೆ ಹೊಗೆ ಇಲ್ಲ ಅನ್ನುವುದು ನಿಜ.

ಆದರೆ ಅದು ಸುಮ್ನೆ ಬಿದ್ದಿರುವ ಕರೆಂಟ್ ಅಲ್ಲ. ಇಡೀ ರಾಜ್ಯ ಅದನ್ನು ಸಂಜೆಯ ಹೊತ್ತಿಗೆ ಕಾಯ್ದುಕೊಂಡು ಬಳಸುತ್ತದೆ. ಅದರಲ್ಲಿ ಒಂದು ಪಾಲು ಹೈಡ್ರೋಜನ್‌ಗೆ ಕೊಟ್ಟರೆ ಅಷ್ಟೇ ಕರೆಂಟನ್ನು ಬೇರೆಲ್ಲೋ ಕಲ್ಲಿದ್ದಲು ಸುಟ್ಟು ತುಂಬಬೇಕಾಗುತ್ತದೆ. ಮುಳುಗಡೆಯಾದ ಊರುಗಳ ಜನ ಮನೆ, ಗದ್ದೆ, ತೋಟ ಬಿಟ್ಟುಕೊಟ್ಟು ಬಂದ ಕರೆಂಟ್ ಅದು. ಬೇರೆ ದಾರಿ ಇದ್ದಾಗ ಅದನ್ನು ಪ್ರಯೋಗಕ್ಕೆ ಸುರಿಯುವುದು ನನಗೆ ಸರಿ ಕಾಣುವುದಿಲ್ಲ. ಮಧ್ಯಾಹ್ನ ಸೋಲಾರ್ ಕರೆಂಟ್ ಮಿಕ್ಕಿ ಉಳಿಯುವ ಹೊತ್ತಿಗೆ ಯಂತ್ರ ಓಡಿಸುವುದಾದರೆ ಮಾತು ಬೇರೆ. ಪ್ಲಾಸ್ಮಾವನ್ನು ಬೇಗ ಹೊತ್ತಿಸಬಹುದು, ಬೇಗ ಆರಿಸಬಹುದು. ಆ ಗುಣ ಇಲ್ಲಿ ಕೆಲಸಕ್ಕೆ ಬರುತ್ತದೆ.

ಮೇಷ್ಟ್ರೇ, ನಮ್ಮ ಮನೆ ಗೋಬರ್ ಗ್ಯಾಸಿನಿಂದ ಹೈಡ್ರೋಜನ್ ಮಾಡಬಹುದಾ?

ಅತಿ ಹೆಚ್ಚು ಬರುವ ಪ್ರಶ್ನೆ. ಲೆಕ್ಕ ಮಾಡೋಣ.

ಗೋಬರ್ ಗ್ಯಾಸಿನಲ್ಲಿ ಮೀಥೇನ್ ನೂರಕ್ಕೆ 60ರ ಆಸುಪಾಸು. 1 ಕೆಜಿ ಹೈಡ್ರೋಜನ್‌ಗೆ 4 ಕೆಜಿ ಮೀಥೇನ್ ಬೇಕು, ಅಂದರೆ ಸುಮಾರು 10 ಘನ ಮೀಟರ್ ಗೋಬರ್ ಗ್ಯಾಸ್. ಒಂದು ಘನ ಮೀಟರ್ ಗ್ಯಾಸಿಗೆ 25 ಕೆಜಿ ಸಗಣಿ ಎಂದರೆ 250 ಕೆಜಿ ಸಗಣಿ. ದಿನಕ್ಕೆ 10 ಕೆಜಿ ಸಗಣಿ ಹಾಕುವ ದನ 25 ಇರಬೇಕು. ಮಲೆನಾಡು ಗಿಡ್ಡ ತಳಿಯಾದರೆ ಇನ್ನೂ ಜಾಸ್ತಿ ದನ ಬೇಕು, ಅವು ಸಣ್ಣ ಜೀವ.

ಈಗ ಆ 10 ಘನ ಮೀಟರ್ ಗ್ಯಾಸನ್ನು ನೇರವಾಗಿ ಒಲೆಯಲ್ಲಿ ಉರಿಸಿದರೆ 4 ಕೆಜಿಗೂ ಮಿಕ್ಕಿದ ಎಲ್‌ಪಿಜಿಗೆ ಸಮ. ಅದನ್ನೇ ಹೈಡ್ರೋಜನ್ ಮಾಡಿ ಉರಿಸಿದರೆ ಎರಡೂವರೆ ಕೆಜಿ ಎಲ್‌ಪಿಜಿಗೆ ಸಮ. ಮೇಲಿಂದ 20 ಯೂನಿಟ್ ಕರೆಂಟ್ ಬಿಲ್. ಅಡುಗೆಗೆ, ಬಚ್ಚಲೊಲೆಯ ಸೌದೆ ಉಳಿಸುವುದಕ್ಕೆ ಗೋಬರ್ ಗ್ಯಾಸ್ ಹಾಗೇ ಇದ್ದರೇ ಚಂದ. ಹೊಗೆಯಿಲ್ಲದೆ ಅಡುಗೆ ಆಗುತ್ತದೆ, ಸ್ಲರಿ ತೋಟಕ್ಕೆ ಹೋಗುತ್ತದೆ. ದಯವಿಟ್ಟು ಅದನ್ನು ಬಿಟ್ಟು ಇದರ ಹಿಂದೆ ಬೀಳಬೇಡಿ. ಎರಡು ಘನ ಮೀಟರಿನ ಮನೆ ಘಟಕಕ್ಕೆ ಪ್ಲಾಸ್ಮಾ ಯಾವ ಲೆಕ್ಕದಲ್ಲೂ ಹೊಂದುವುದಿಲ್ಲ.

ಹಾಗಾದರೆ ಸಗಣಿ, ಕಸದ ಗ್ಯಾಸಿಗೂ ಇದಕ್ಕೂ ಸಂಬಂಧವೇ ಇಲ್ಲವಾ?

ಇದೆ. ದೊಡ್ಡ ಪ್ರಮಾಣದಲ್ಲಿ ಇದೆ, ಮತ್ತು ಅದು ನನಗೆ ಈ ವಿಷಯದಲ್ಲಿ ಅತಿ ಹಿಡಿಸಿದ ಭಾಗ. ಹುಲ್ಲು ಗಾಳಿಯಿಂದ ಇಂಗಾಲ ತೆಗೆದುಕೊಂಡು ಬೆಳೆಯುತ್ತದೆ. ದನ ಅದನ್ನು ತಿನ್ನುತ್ತದೆ. ಸಗಣಿಯಿಂದ ಮೀಥೇನ್ ಬರುತ್ತದೆ. ಆ ಮೀಥೇನನ್ನು ಉರಿಸಿದರೆ ಇಂಗಾಲ ಮತ್ತೆ ಗಾಳಿಗೆ ಸೇರುತ್ತದೆ. ಪ್ಲಾಸ್ಮಾದಲ್ಲಿ ಒಡೆದರೆ ಇಂಗಾಲ ಗಟ್ಟಿ ಪುಡಿಯಾಗಿ ಕೈಗೆ ಸಿಗುತ್ತದೆ. 3 ಕೆಜಿ ಕಾರ್ಬನ್ ಅಂದರೆ 11 ಕೆಜಿ ಇಂಗಾಲದ ಡೈಆಕ್ಸೈಡ್ ಗಾಳಿಯಿಂದ ತೆಗೆದಿಟ್ಟ ಹಾಗೆ. ಅದನ್ನು ಮುಂದೆ ಯಾರೂ ಸುಡದಿದ್ದರೆ ಮಾತ್ರ.

ಇದಕ್ಕೆ ನೂರಾರು ದನದ ಡೈರಿ, ಊರಿನ ಹಸಿ ಕಸ, ಸಕ್ಕರೆ ಕಾರ್ಖಾನೆಯ ತ್ಯಾಜ್ಯದಂಥ ಮೂಲ ಬೇಕು. ಗ್ಯಾಸನ್ನು ಶುದ್ಧ ಮಾಡಿ ವಾಹನಕ್ಕೆ ತುಂಬಿಸುವ ಜೈವಿಕ ಸಿಎನ್‌ಜಿ ಘಟಕಗಳಲ್ಲಿ ಅರ್ಧ ಕೆಲಸ ಆಗಲೇ ಮುಗಿದಿರುತ್ತದೆ.

ಗೋಬರ್ ಗ್ಯಾಸಿನ ಉಳಿದ 40 ಭಾಗ ಏನಾಗುತ್ತದೆ?

ಅದು ಬಹುಪಾಲು ಇಂಗಾಲದ ಡೈಆಕ್ಸೈಡ್. ತೆಗೆಯದೆ ಹಾಗೇ ಕಿಡಿಯೊಳಗೆ ಬಿಟ್ಟರೆ ಮೀಥೇನ್ ಜೊತೆ ಸೇರಿ ಹೈಡ್ರೋಜನ್ ಮತ್ತು ಕಾರ್ಬನ್ ಮೊನಾಕ್ಸೈಡ್ ಆಗುತ್ತದೆ. ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ, ಜೀವ ತೆಗೆಯುವ ವಿಷ. ರಾಸಾಯನಿಕ ಕಾರ್ಖಾನೆಗೆ ಈ ಮಿಶ್ರಣ ಬೆಲೆಬಾಳುವ ಕಚ್ಚಾ ವಸ್ತು, ಮೆಥನಾಲ್ ಮಾಡಬಹುದು. ನಿಮ್ಮ ಹಿತ್ತಲಿಗೆ ಅಲ್ಲ.

ಕೊಳೆತ ಮೊಟ್ಟೆ ವಾಸನೆಯ ಹೈಡ್ರೋಜನ್ ಸಲ್ಫೈಡ್ ಕೂಡ ಸ್ವಲ್ಪ ಇರುತ್ತದೆ. ಅದು ಲೋಹ ತಿನ್ನುತ್ತದೆ, ಕಾರ್ಬನ್ನಿನ ಗುಣಮಟ್ಟ ಕೆಡಿಸುತ್ತದೆ. ತುಕ್ಕು ಹಿಡಿದ ಕಬ್ಬಿಣದ ಚೂರಿನ ಮೇಲೆ ಹಾಯಿಸಿದರೆ ಬಹುಪಾಲು ಅಲ್ಲೇ ಹಿಡಿದುಕೊಳ್ಳುತ್ತದೆ. ಇನ್ನು ತೇವ. ಗೋಬರ್ ಗ್ಯಾಸ್ ಯಾವಾಗಲೂ ಒದ್ದೆ, ಆಗುಂಬೆ ಕಡೆ ಮಳೆಗಾಲದಲ್ಲಿ ಗಾಳಿಯೂ ಒದ್ದೆ. ಒಳಗಿನ ತೇವದಿಂದ ಮತ್ತೆ ಕಾರ್ಬನ್ ಮೊನಾಕ್ಸೈಡ್. ಹೊರಗಿನ ತೇವ ಇನ್ಸುಲೇಟರ್ ಮೇಲೆ ಕೂತರೆ ಹೈ ವೋಲ್ಟೇಜ್ ಬೇಡದ ದಾರಿ ಹಿಡಿಯುತ್ತದೆ.

ಆ ಕಪ್ಪು ಪುಡಿಯನ್ನು ಅಡಿಕೆ ತೋಟಕ್ಕೆ ಹಾಕಬಹುದಾ?

ಬೇಡ. ಬಯೋಚಾರ್ (ಮಣ್ಣಿಗೆ ಸೇರಿಸುವ ಇದ್ದಿಲು) ಬಗ್ಗೆ ಓದಿದವರು ಇದನ್ನು ಕೇಳುತ್ತಾರೆ. ಅಡಿಕೆ ಸಿಪ್ಪೆ, ಸೌದೆ ಚೂರಿನಿಂದ ಮಾಡಿದ ಇದ್ದಿಲಿಗೆ ಸಣ್ಣ ಸಣ್ಣ ರಂಧ್ರ ಇರುತ್ತವೆ, ನೀರು ಗೊಬ್ಬರ ಹಿಡಿದಿಡುತ್ತದೆ. ಪ್ಲಾಸ್ಮಾದ ಪುಡಿ ಕಾರ್ಬನ್ ಬ್ಲ್ಯಾಕ್ (ಕಾರ್ಖಾನೆಯಲ್ಲಿ ಮಾಡುವ ನಯವಾದ ಮಸಿ) ಜಾತಿಯದು. ಬಹಳ ಸೂಕ್ಷ್ಮ ಕಣ. ಒಡೆಯುವ ಕ್ರಿಯೆ ಅರ್ಧಕ್ಕೆ ನಿಂತಿದ್ದರೆ ಅದರ ಮೇಲೆ ಟಾರಿನಂಥ ಹಾನಿಕಾರಕ ವಸ್ತು ಅಂಟಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಕಾರ್ಬನ್ ಬ್ಲ್ಯಾಕನ್ನು ಕ್ಯಾನ್ಸರ್ ತರಬಹುದಾದ ವಸ್ತುಗಳ ಪಟ್ಟಿಯಲ್ಲಿ ಇಟ್ಟಿದೆ. ತೋಟಕ್ಕೆ ಸುಡುಮಣ್ಣೋ ಇದ್ದಿಲೋ ಸಾಕು.

ಇದರ ಜಾಗ ಟೈರು, ಪ್ರಿಂಟಿಂಗ್ ಇಂಕು, ಬಣ್ಣ, ಬ್ಯಾಟರಿ. ಟೈರಿನ ತೂಕದಲ್ಲಿ ಸುಮಾರು ಕಾಲು ಭಾಗ ಕಾರ್ಬನ್ ಬ್ಲ್ಯಾಕ್. ಇವತ್ತು ಅದನ್ನು ಮಾಡುವುದು ಟಾರ್ ಜಾತಿಯ ಎಣ್ಣೆಯನ್ನು ಅರೆಬರೆ ಸುಟ್ಟು. ಅದಕ್ಕೆ ಹೋಲಿಸಿದರೆ ಪ್ಲಾಸ್ಮಾ ಎಷ್ಟೋ ಶುದ್ಧ.

ಅಷ್ಟೊಂದು ಕಾರ್ಬನ್ ಕೊಳ್ಳುವವರು ಯಾರು?

ಒಳ್ಳೆ ಪ್ರಶ್ನೆ. ಹೂಡಿಕೆದಾರರು ಮೊದಲು ಇದನ್ನೇ ಕೇಳಬೇಕು. ಜಗತ್ತು ವರ್ಷಕ್ಕೆ ಸುಮಾರು 9.5 ಕೋಟಿ ಟನ್ ಹೈಡ್ರೋಜನ್ ಬಳಸುತ್ತದೆ. ಅಷ್ಟನ್ನೂ ಹೀಗೇ ಮಾಡಿದರೆ 28 ಕೋಟಿ ಟನ್ ದಾಟಿ ಕಾರ್ಬನ್ ಬರುತ್ತದೆ. ಜಗತ್ತಿನ ಕಾರ್ಬನ್ ಬ್ಲ್ಯಾಕ್ ಮಾರುಕಟ್ಟೆ ಸುಮಾರು 1.5 ಕೋಟಿ ಟನ್. ಮೊದಮೊದಲು ಬಂದವರು ಕಾರ್ಬನ್ ಮಾರಿಯೇ ಗೆಲ್ಲುತ್ತಾರೆ, ಆಮೇಲೆ ಬಂದವರಿಗೆ ಆ ಬೆಲೆ ಸಿಗುವುದಿಲ್ಲ. ರಸ್ತೆ, ಕಾಂಕ್ರೀಟಿನಲ್ಲಿ ಸೇರಿಸುವುದು, ಹಳೇ ಗಣಿಗಳಲ್ಲಿ ಹೂಳುವುದು ಎಂಬ ಯೋಚನೆಗಳಿವೆ. ಹೂಳುವುದಕ್ಕಾದರೂ ಗಟ್ಟಿ ಕಾರ್ಬನ್, ಅನಿಲಕ್ಕಿಂತ ಎಷ್ಟೋ ವಾಸಿ.

ಇದನ್ನು ಕಾರ್ಖಾನೆ ಮಟ್ಟದಲ್ಲಿ ಯಾರಾದರೂ ಮಾಡಿದ್ದಾರಾ?

ಮಾಡಿದ್ದಾರೆ. ಜರ್ಮನಿಯ ಹ್ಯೂಲ್ಸ್‌ನಲ್ಲಿ 1940ರ ಹೊತ್ತಿಗೇ ದೊಡ್ಡ ವಿದ್ಯುತ್ ಆರ್ಕಿನಲ್ಲಿ ಅಸಿಟಿಲೀನ್ ತೆಗೆಯುತ್ತಿದ್ದರು. ಹೈಡ್ರೋಜನ್ ಅಲ್ಲಿ ಜೊತೆಗೆ ಬರುತ್ತಿದ್ದ ಅನಿಲ. ನಾರ್ವೆಯ ಕ್ವರ್ನರ್ ಕಂಪನಿ 1980ರ ದಶಕದಲ್ಲಿ ಪ್ಲಾಸ್ಮಾದಿಂದ ಕಾರ್ಬನ್ ಮತ್ತು ಹೈಡ್ರೋಜನ್ ಮಾಡುವ ವಿಧಾನ ಬೆಳೆಸಿತು. ಕೆನಡಾದಲ್ಲಿ ಅದರ ಕಾರ್ಖಾನೆಯೂ ಎದ್ದಿತು, ಕೆಲವೇ ವರ್ಷದಲ್ಲಿ ಮುಚ್ಚಿತು. ಅಮೆರಿಕದ ನೆಬ್ರಾಸ್ಕಾದಲ್ಲಿ ಮೊನೊಲಿತ್ ಕಂಪನಿ 2020ರಿಂದ ಈ ವಿಧಾನದಲ್ಲಿ ಕಾರ್ಬನ್ ಬ್ಲ್ಯಾಕ್ ಮಾಡುತ್ತಿದೆ, ಟೈರ್ ಕಂಪನಿಗಳಿಗೆ ಕೊಡುತ್ತಿದೆ. ನಮ್ಮ ದೇಶದಲ್ಲಿ ಪ್ಲಾಸ್ಮಾ ಕಲಿಯಬೇಕೆಂದರೆ ಗಾಂಧಿನಗರದ ಪ್ಲಾಸ್ಮಾ ಸಂಶೋಧನಾ ಸಂಸ್ಥೆ ಇದೆ.

ಭದ್ರಾವತಿಗೆ ಇದರಿಂದ ಏನಾದರೂ ಉಪಯೋಗ?

ನನ್ನ ಮನಸ್ಸಿನಲ್ಲೂ ಇರುವ ಪ್ರಶ್ನೆ. ಅಲ್ಲಿನ ಕುಲುಮೆ 1923ರಲ್ಲಿ ಕಬ್ಬಿಣ ಇಳಿಸಲು ಶುರು ಮಾಡಿತು. ಕಲ್ಲಿದ್ದಲ ಬದಲು ಮಲೆನಾಡಿನ ಕಾಡಿನ ಇದ್ದಿಲು ಬಳಸಿತು. ಅದಿರಿನಿಂದ ಆಮ್ಲಜನಕ ಕಿತ್ತು ತೆಗೆಯುವುದೇ ಇದ್ದಿಲಿನ ಕೆಲಸ. ಹೈಡ್ರೋಜನ್ ಕೂಡ ಅದೇ ಕೆಲಸ ಮಾಡಬಲ್ಲದು, ಹೊಗೆಯ ಬದಲು ನೀರಿನ ಆವಿ ಬರುತ್ತದೆ. ಉಕ್ಕಿಗೆ ಸ್ವಲ್ಪ ಕಾರ್ಬನ್ ಕೂಡ ಬೇಕು. ಮೀಥೇನ್ ಪ್ಲಾಸ್ಮಾ ಎರಡನ್ನೂ ಕೊಡುತ್ತದೆ.

ನಾಳೆಯೇ ಅಲ್ಲಿ ಬಂದುಬಿಡುತ್ತದೆ ಎಂದು ನಾನು ಹೇಳುವುದಿಲ್ಲ. 1 ಟನ್ ಕಬ್ಬಿಣಕ್ಕೆ 50 ಕೆಜಿಗಿಂತ ಜಾಸ್ತಿ ಹೈಡ್ರೋಜನ್ ಬೇಕು, ಅಂದರೆ 200 ಕೆಜಿ ದಾಟಿ ಮೀಥೇನ್. ಆ ಊರಿನ ಕೆಲಸಗಾರರ ಕೈಯಲ್ಲಿರುವ ಕುಲುಮೆಯ ಜಾಣ್ಮೆ ಬಹಳ ದೊಡ್ಡದು. ಅದು ಹೀಗೊಂದು ಹೊಸ ಕೆಲಸಕ್ಕೆ ದಕ್ಕಲಿ ಅನ್ನುವುದು ನನ್ನ ಆಸೆ.

ಸರ್ಕಾರದ ಸಹಾಯಧನ ಸಿಗುತ್ತದಾ?

ರಾಷ್ಟ್ರೀಯ ಹಸಿರು ಹೈಡ್ರೋಜನ್ ಮಿಷನ್‌ಗೆ 2023ರ ಜನವರಿಯಲ್ಲಿ ಒಪ್ಪಿಗೆ ಸಿಕ್ಕಿತು. ಮೊತ್ತ 19,744 ಕೋಟಿ ರೂಪಾಯಿ. 2030ಕ್ಕೆ ವರ್ಷಕ್ಕೆ 50 ಲಕ್ಷ ಟನ್ ಗುರಿ. ಅದರ ಪ್ರಕಾರ ಹಸಿರು ಅನ್ನಿಸಿಕೊಳ್ಳಬೇಕಾದರೆ 1 ಕೆಜಿ ಹೈಡ್ರೋಜನ್‌ಗೆ 2 ಕೆಜಿ ಇಂಗಾಲದ ಡೈಆಕ್ಸೈಡ್ ಮೀರುವ ಹಾಗಿಲ್ಲ, ಮೂಲ ನವೀಕರಿಸಬಹುದಾದ ಶಕ್ತಿ ಅಥವಾ ಜೀವರಾಶಿ ಆಗಿರಬೇಕು. ಬಾವಿಯಿಂದ ತೆಗೆದ ನೈಸರ್ಗಿಕ ಅನಿಲವನ್ನು ಪ್ಲಾಸ್ಮಾದಲ್ಲಿ ಒಡೆದರೆ ಅದು ಈ ಲೆಕ್ಕಕ್ಕೆ ಬರುವುದಿಲ್ಲ.

ಯೂಟ್ಯೂಬ್ ನೋಡಿ ಮನೆಯಲ್ಲಿ ಮಾಡಿ ನೋಡಬಹುದಾ?

ಮಾಡಬೇಡಿ. ಹೈಡ್ರೋಜನ್ ಗಾಳಿಯಲ್ಲಿ ನೂರಕ್ಕೆ 4ರಿಂದ 75 ಭಾಗ ಇದ್ದರೂ ಹೊತ್ತಿಕೊಳ್ಳುತ್ತದೆ. ಮೀಥೇನ್‌ಗೆ ಈ ಮಿತಿ 5ರಿಂದ 15 ಮಾತ್ರ. ಹೊತ್ತಿಸಲು ಬೇಕಾದ ಕಿಡಿಯೂ ಮೀಥೇನ್‌ಗಿಂತ ಹತ್ತು ಪಟ್ಟಿಗೂ ಚಿಕ್ಕದು, ಬಟ್ಟೆ ಕಳಚುವಾಗ ಚಟ್ ಅನ್ನುವ ಕಿಡಿ ಸಾಕು. ಹಗಲಲ್ಲಿ ಅದರ ಜ್ವಾಲೆ ಕಣ್ಣಿಗೆ ಕಾಣುವುದಿಲ್ಲ. ಇಲ್ಲಿ ನೀವು ಹೈಡ್ರೋಜನ್ ಹುಟ್ಟುವ ಜಾಗದಲ್ಲೇ ಕಿಡಿ ಇಟ್ಟುಕೊಂಡಿರುತ್ತೀರಿ. ಒಂದು ಜೋಡಣೆಯಲ್ಲಿ ಗಾಳಿ ಒಳಗೆ ಎಳೆದರೆ ಮುಗಿಯಿತು. ಹಳೇ ಮೈಕ್ರೋವೇವ್ ಓವನ್ನಿನ ಟ್ರಾನ್ಸ್‌ಫಾರ್ಮರ್ ಬಿಚ್ಚಿ ಬಳಸುವ ವಿಡಿಯೋಗಳಿವೆ. ಆ ಟ್ರಾನ್ಸ್‌ಫಾರ್ಮರ್ ಮುಟ್ಟಿ ಜೀವ ಕಳೆದುಕೊಂಡವರಿದ್ದಾರೆ.

ಕಾಲೇಜು ಪ್ರಾಜೆಕ್ಟ್ ಮಾಡುತ್ತಿದ್ದೇವೆ ಸರ್, ಫಲಿತಾಂಶ ತುಂಬಾ ಚೆನ್ನಾಗಿ ಬಂದಿದೆ. ನಂಬಬಹುದಾ?

ಗೈಡ್ ಇದ್ದು, ಫ್ಯೂಮ್ ಹುಡ್ (ಅನಿಲವನ್ನು ಹೊರಗೆಳೆಯುವ ಗೂಡು) ಇದ್ದು, ಆರ್ಗಾನ್ ಹಾಯಿಸಿ ಗಾಳಿ ಪೂರ್ತಿ ಹೊರಹಾಕಿ ಮಾಡುತ್ತಿದ್ದೀರಿ ಅಂದುಕೊಳ್ಳುತ್ತೇನೆ. ಹಾಗಿದ್ದರೆ ಎರಡು ಜಾಗ ಪರೀಕ್ಷಿಸಿ.

ಮೊದಲನೆಯದು ಗಾತ್ರ. ಒಂದು ಪಾಲು ಮೀಥೇನ್ ಒಡೆದರೆ ಎರಡು ಪಾಲು ಹೈಡ್ರೋಜನ್, ಅನಿಲ ಉಬ್ಬುತ್ತದೆ. 100 ಮಿಲಿ ಮೀಥೇನ್ ಬಿಟ್ಟಿರಿ, ಅರ್ಧ ಒಡೆಯಿತು ಅನ್ನಿ. ಹೊರಗೆ ಬರುವುದು 50 ಮಿಲಿ ಮೀಥೇನ್, 100 ಮಿಲಿ ಹೈಡ್ರೋಜನ್, ಒಟ್ಟು 150. ಗ್ಯಾಸ್ ಕ್ರೊಮ್ಯಾಟೊಗ್ರಾಫ್ (ಅನಿಲಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರ) ಮೀಥೇನ್ ನೂರಕ್ಕೆ 33 ಎಂದು ತೋರಿಸುತ್ತದೆ. ನೂರರಿಂದ ಕಳೆದು 67 ಭಾಗ ಒಡೆಯಿತು ಎಂದು ರಿಪೋರ್ಟಿನಲ್ಲಿ ಬರೆದರೆ ತಪ್ಪು, ನಿಜವಾದದ್ದು 50. ಇದನ್ನು ತಪ್ಪಿಸಲು ಗೊತ್ತಿರುವಷ್ಟು ನೈಟ್ರೋಜನ್ನನ್ನು ಪ್ಲಾಸ್ಮಾ ದಾಟಿದ ಮೇಲೆ ಸೇರಿಸಿ, ಅದನ್ನು ಅಳತೆಗೋಲಾಗಿ ಇಟ್ಟುಕೊಳ್ಳಿ. ಆಮೇಲೆ ಕಾರ್ಬನ್ ಲೆಕ್ಕ ಕೂಡಿಸಿ. ಒಳಗೆ ಹೋದ ಕಾರ್ಬನ್ ಮಸಿಯಾಗಿ, ಅಸಿಟಿಲೀನ್ ಆಗಿ, ಉಳಿದ ಮೀಥೇನ್ ಆಗಿ ಪೂರ್ತಿ ಸಿಗಬೇಕು. ಕೊಳವೆಯನ್ನು ಮೊದಲೂ ಆಮೇಲೂ ತೂಕ ಮಾಡಿ.

ಎರಡನೆಯದು ಕರೆಂಟ್. ಪ್ಲಾಸ್ಮಾದೊಳಗೆ ಹೋದ ಪವರ್ ಬೇರೆ, ಗೋಡೆಯ ಪ್ಲಗ್ಗಿನಿಂದ ಎಳೆದದ್ದು ಬೇರೆ. ಎರಡನ್ನೂ ಅಳೆದು ಎರಡನ್ನೂ ಬರೆಯಿರಿ. ಕೈಯಲ್ಲಿ ಸಣ್ಣ ಸ್ಪೆಕ್ಟ್ರೋಮೀಟರ್ (ಬೆಳಕನ್ನು ಬಣ್ಣಗಳಾಗಿ ಬಿಡಿಸಿ ಅಳೆಯುವ ಯಂತ್ರ) ಇದ್ದರೆ ಇನ್ನೂ ಖುಷಿ. 656 ನ್ಯಾನೋಮೀಟರಿನಲ್ಲಿ ಹೈಡ್ರೋಜನ್ನಿನ ಕೆಂಪು ಗೆರೆ, 516ರ ಹತ್ತಿರ ಕಾರ್ಬನ್ ಜೋಡಿಯ ಹಸಿರು, 431ರ ಹತ್ತಿರ ಮುರಿದ ಮೀಥೇನ್ ಚೂರಿನ ನೀಲಿ. ಈ ಮೂರು ಗೆರೆಗಳನ್ನು ಮೊದಲ ಸಲ ಸ್ಕ್ರೀನಿನ ಮೇಲೆ ನೋಡಿದ ಹುಡುಗಿಯೊಬ್ಬಳು ಊಟದ ಗಂಟೆ ಹೊಡೆದರೂ ಎದ್ದಿರಲಿಲ್ಲ.

ಎಲ್‌ಪಿಜಿ ಸಿಲಿಂಡರಿನಿಂದ ಆಗುತ್ತದಾ?

ಒಡೆಯುತ್ತದೆ, ಆದರೆ ಅದು ಪ್ರೊಪೇನ್, ಬ್ಯೂಟೇನ್. ಕೆಜಿಗೆ ಬರುವ ಹೈಡ್ರೋಜನ್ ಮೀಥೇನ್‌ಗಿಂತ ಕಡಿಮೆ, ಮಸಿ ಜಾಸ್ತಿ. ಅಡುಗೆ ಸಿಲಿಂಡರ್ ಹೀಗೆ ಬಳಸುವುದು ಕಾನೂನಿಗೂ ವಿರುದ್ಧ.

ಹೈಡ್ರೋಜನ್ ಯಂತ್ರ ಮಾರುವವರು ಊರಿಗೆ ಬಂದಿದ್ದಾರೆ. ಏನು ಕೇಳಬೇಕು?

1 ಕೆಜಿಗೆ ಎಷ್ಟು ಯೂನಿಟ್, ಅದು ಪ್ಲಗ್ಗಿನಲ್ಲಿ ಅಳೆದದ್ದಾ ಎಂದು ಕೇಳಿ. ಕಾರ್ಬನ್ ಹೇಗೆ ತೆಗೆಯುತ್ತೀರಿ, ಯಾರು ಕೊಳ್ಳುತ್ತಾರೆ ಎಂದು ಕೇಳಿ. ಎಷ್ಟು ಗಂಟೆ ನಿಲ್ಲಿಸದೆ ಓಡಿದೆ, ದಾಖಲೆ ತೋರಿಸಿ ಅನ್ನಿ. ಹೊರಬರುವ ಅನಿಲದಲ್ಲಿ ಹೈಡ್ರೋಜನ್ ಎಷ್ಟು, ಒಡೆಯದ ಮೀಥೇನ್ ಎಷ್ಟು, ಅದನ್ನು ಬೇರ್ಪಡಿಸುವ ಘಟಕ ಬೆಲೆಯಲ್ಲಿ ಸೇರಿದೆಯಾ ಎಂದೂ ಕೇಳಿ. ನೀರಿನಿಂದ ಹೈಡ್ರೋಜನ್ ಮಾಡಿ ಬೈಕ್ ಮೈಲೇಜ್ ಹೆಚ್ಚಿಸುವ ಕಿಟ್ ಅಂದರೆ ಕಾಫಿ ಕೊಟ್ಟು ಕಳಿಸಿಬಿಡಿ.

ಗೋಬರ್ ಗ್ಯಾಸ್ ಪೈಪಿನಲ್ಲೇ ಹೈಡ್ರೋಜನ್ ಬಿಡಬಹುದಾ?

ಬಿಡಬಾರದು. ಹೈಡ್ರೋಜನ್ ಅಣು ಎಲ್ಲಕ್ಕಿಂತ ಚಿಕ್ಕದು, ರಬ್ಬರ್ ಪೈಪು ಮತ್ತು ಹಳೇ ಜೋಡಣೆಗಳಿಂದ ಸೋರುತ್ತದೆ. ಕೆಲವು ಬಗೆಯ ಉಕ್ಕಿನೊಳಗೆ ಸೇರಿ ಅದನ್ನು ಪೆಡಸು ಮಾಡುತ್ತದೆ. ಅದರ ಜ್ವಾಲೆ ಮೀಥೇನ್‌ಗಿಂತ ಬಹಳ ವೇಗವಾಗಿ ಓಡುತ್ತದೆ. ಹಾಗಾಗಿ ಗೋಬರ್ ಗ್ಯಾಸ್ ಒಲೆಯ ಬರ್ನರಿನಲ್ಲಿ ಬೆಂಕಿ ಪೈಪಿನೊಳಕ್ಕೇ ಹಿಂದೆ ನುಗ್ಗುತ್ತದೆ. ಹೈಡ್ರೋಜನ್‌ಗೆ ಬೇರೆ ಪೈಪು, ಬೇರೆ ವಾಲ್ವು, ಬೇರೆ ಬರ್ನರ್, ಮೇಲ್ಗಡೆ ಗಾಳಿ ಹೋಗಲು ತೆರೆದ ಸೂರು ಬೇಕು.